ವಾಯುವಿನಲ್ಲಿ ವಿಷಲೇಶ: ಲೇಸರ್ ರೋಹಿತದರ್ಶನದ ಸಾಧನೆಯೂ ಸಂದೇಹಗಳೂ

ಪ್ರಶ್ನೆಯ ಸ್ವರೂಪ

1984ನೆಯ ಇಸವಿಯ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ನಿನಷ್ಟು ಮೀಥೈಲ್ ಐಸೋಸಯನೇಟ್ ಹೊರಬಿದ್ದು, ನಿದ್ರಿಸುತ್ತಿದ್ದ ನಗರವನ್ನು ಆವರಿಸಿದ ವೃತ್ತಾಂತ ಎಲ್ಲರಿಗೂ ತಿಳಿದುದೇ ಆದರೂ, ಆ ದ್ರವ್ಯಕ್ಕೆ ಸಂಬಂಧಿಸಿದ ಎರಡು ಸಂಖ್ಯೆಗಳು ಸಾಕಷ್ಟು ಪ್ರಚಾರಕ್ಕೆ ಬಂದಿಲ್ಲ. ಕೆಲಸಗಾರನು ದಿನವಹಿ ಉಸಿರಾಡುವ ಗಾಳಿಯಲ್ಲಿ ಈ ಬಾಷ್ಪವು ದಶಲಕ್ಷಕ್ಕೆ 0.02 ಭಾಗವನ್ನು ಮೀರಕೂಡದೆಂದು ಔದ್ಯೋಗಿಕ ಆರೋಗ್ಯಶಾಸ್ತ್ರ ವಿಧಿಸಿದ್ದಿತು. ಮನುಷ್ಯನ ಮೂಗು ಅದರ ವಾಸನೆಯನ್ನು ಗುರುತಿಸುವುದಾದರೋ ದಶಲಕ್ಷಕ್ಕೆ ಸುಮಾರು 2 ಭಾಗಗಳಾದ ಮೇಲೆ. ಎಂದರೆ ಮೂಗು ಎಚ್ಚರಗೊಳ್ಳುವ ಹೊತ್ತಿಗೆ ವಿಷವು ವಿಹಿತವಾದ ಎಲ್ಲೆಯನ್ನು ನೂರು ಪಟ್ಟು ದಾಟಿರುತ್ತದೆ. ಹೀಗಿದ್ದೂ ಆ ಕಾರ್ಖಾನೆಯಲ್ಲಿ ಸಣ್ಣಪುಟ್ಟ ಸೋರಿಕೆಗಳನ್ನು ಕಂಡುಕೊಳ್ಳುವುದಕ್ಕೆ ಕೆಲಸಗಾರರ ಕಣ್ಣುರಿಯೇ ಮುಖ್ಯ ಸಾಧನವಾಗಿದ್ದಿತೆಂದು ಅನಂತರದ ವರದಿಗಳು ಹೇಳುತ್ತವೆ. ಮನುಷ್ಯದೇಹವನ್ನೇ ಮಾಪಕಯಂತ್ರವಾಗಿ ಬಳಸಿದ ಈ ಪದ್ಧತಿಗಿಂತ ಕ್ರೂರವಾದುದನ್ನು ಊಹಿಸುವುದು ಕಷ್ಟ.

ದೇಹಕ್ಕೆ ಬದಲಾಗಿ ಬೆಳಕೇ ಸಾಕ್ಷಿ ನುಡಿಯಬಲ್ಲುದೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಕಾರ್ಖಾನೆಯ ಪ್ರಾಕಾರದಲ್ಲಿ, ರೈಲುನಿಲ್ದಾಣದ ಸುರಂಗದಲ್ಲಿ, ಸೈನಿಕ ಠಾಣ್ಯದ ಅಂಚಿನಲ್ಲಿ ಒಂದು ಲೇಸರ್ ಕಿರಣವನ್ನು ಹಾಯಿಸಿ, ಶತಕೋಟಿ ಅಣುಗಳ ನಡುವೆ ಅಡಗಿರುವ ವಿಷದ ಒಂದು ಅಣುವನ್ನು ಕ್ಷಣಮಾತ್ರದಲ್ಲಿ ಗುರುತಿಸುವುದು ಸಾಧ್ಯವೆ? 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲಿನಲ್ಲಿ ಸಾರಿನ್ ಎಂಬ ನರವಿಷವನ್ನು ದುಷ್ಕರ್ಮಿಗಳು ಹರಡಿದ ಮೇಲೆ ಈ ಪ್ರಶ್ನೆ ಸೈನ್ಯಗಳದಷ್ಟೇ ಅಲ್ಲದೆ ನಗರಗಳದೂ ಆಯಿತು. ಇದರಲ್ಲಿ ವಾಸ್ತವವಾಗಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಎಷ್ಟು ಅಲ್ಪವಾದುದನ್ನು ಕಾಣಬಹುದು ಎಂಬುದು ಒಂದು; ಕಂಡುದು ಯಾವುದೆಂದು ಎಷ್ಟು ದೃಢವಾಗಿ ಹೇಳಬಹುದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಳೆದ ಐವತ್ತು ವರ್ಷಗಳ ಮುನ್ನಡೆ ಬೆರಗುಗೊಳಿಸುವಂಥದು. ಎರಡನೆಯದರಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲವಾಗಿ, ವಿವಾದದ ಜೀವವಿರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಪೂರ್ವೇತಿಹಾಸ

ಪ್ರತಿಯೊಂದು ಅಣುವೂ ತನಗೆ ಸಹಜವಾದ ಆವೃತ್ತಿಗಳಲ್ಲಿ ಕಂಪಿಸುತ್ತಿರುತ್ತದೆ. ಆ ಆವೃತ್ತಿಗೆ ಹೊಂದುವ ಅವಕೆಂಪು ಬೆಳಕು ಎದುರಾದಾಗ ಅದನ್ನು ಹೀರಿಕೊಳ್ಳುತ್ತದೆ. ಯಾವ ಯಾವ ತರಂಗದೂರಗಳಲ್ಲಿ ಬೆಳಕು ಕುಂದಿತೆಂಬುದನ್ನು ನೋಡಿ ಅಣುವಿನ ಗುರುತನ್ನು ಹೇಳುವುದೇ ಇಡೀ ವಿದ್ಯೆಯ ತಳಹದಿ. 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಅನಿಲಗಳ ಮೂಲಕ ಶಾಖಕಿರಣಗಳನ್ನು ಹಾಯಿಸಿ ಈ ಹೀರಿಕೆಯನ್ನು ಅಳೆಯಲು ತೊಡಗಿದನು. ಆಮ್ಲಜನಕ, ಸಾರಜನಕಗಳು ಆ ಕಿರಣಗಳಿಗೆ ಪಾರದರ್ಶಕವಾಗಿರುವುದೂ ಜಲಬಾಷ್ಪ, ಇಂಗಾಲದ ಡೈಆಕ್ಸೈಡುಗಳು ಅವನ್ನು ತಡೆಯುವುದೂ ಅವನಿಂದ ಸ್ಥಾಪಿತವಾಯಿತು. ಆತನ ಪ್ರಯೋಗಗಳಲ್ಲಿ ಅಷ್ಟು ಪ್ರಸಿದ್ಧವಲ್ಲದ ಒಂದು, ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು: ಪರಿಮಳದ್ರವ್ಯಗಳ ಬಾಷ್ಪ ಬೆರೆತ ಗಾಳಿಯನ್ನು ಅವನು ಪರೀಕ್ಷಿಸಿದಾಗ, ಶ್ರೀಗಂಧದ ಎಣ್ಣೆಯ ಲೇಶಮಾತ್ರ ಆವಿಯು ಶುಷ್ಕ ವಾಯುವಿಗಿಂತ ಸುಮಾರು 30 ಪಟ್ಟು, ಸೋಂಪಿನ ಎಣ್ಣೆಯದು ಸುಮಾರು 370 ಪಟ್ಟು ಶಾಖಕಿರಣವನ್ನು ಹೀರಿದುದು ಕಂಡುಬಂದಿತು. ತೂಕಕ್ಕೆ ಸಿಕ್ಕದಷ್ಟು ಅಲ್ಪವಾದ ಆವಿಯೂ ಬೆಳಕಿನ ಮೇಲೆ ತನ್ನ ಮುದ್ರೆಯನ್ನು ಒತ್ತುವುದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ನನಗೆ ತಿಳಿಯದು.

1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್, ಬಿಟ್ಟುಬಿಟ್ಟು ಬೀಳುವ ಬೆಳಕಿನಿಂದ ವಸ್ತುಗಳು ಸದ್ದು ಮಾಡುವುವೆಂಬುದನ್ನು ಕಂಡುಹಿಡಿದನು. ಮರುವರ್ಷ ಟಿಂಡಲನೂ ರಂಟ್‌ಗೆನ್ನನೂ ಅನಿಲಗಳಲ್ಲಿ ಅದನ್ನು ದೃಢಪಡಿಸಿದರು. ಹೀರಿಕೊಂಡ ಬೆಳಕು ಶಾಖವಾಗಿ, ಶಾಖದಿಂದ ಅನಿಲ ಹಿಗ್ಗಿ, ಬೆಳಕು ನಿಂತೊಡನೆ ಕುಗ್ಗಿ, ಈ ಹಿಗ್ಗು ಕುಗ್ಗುಗಳೇ ಶಬ್ದತರಂಗವಾಗುತ್ತವೆ. 1938ರಲ್ಲಿ ಸೋವಿಯತ್ ವಿಜ್ಞಾನಿ ವೀಂಗೆರೋವ್ ಈ ದ್ಯುತಿಧ್ವನಿ ತತ್ತ್ವವನ್ನು ಅನಿಲವಿಶ್ಲೇಷಣೆಗೆ ಬಳಸಿದನಾದರೂ ಅವನ ಕೈಯಲ್ಲಿದ್ದುದು ಕಾದ ತಂತಿಯ ದುರ್ಬಲವಾದ, ನಾನಾ ತರಂಗದೂರಗಳು ಕಲಸಿಹೋದ ಬೆಳಕು. ಅಷ್ಟರಲ್ಲಿ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ನರು, ಚದರಿದ ಬೆಳಕು ಅಣುವಿನ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸುವುದನ್ನು ಕಂಡು, ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲಿಯೇ ಆ ಹೊಸ ವಿಕಿರಣವನ್ನು ಕುರಿತು ವಿಸ್ತಾರವಾದ ಉಪನ್ಯಾಸ ಮಾಡಿದರು. ಇಷ್ಟೆಲ್ಲ ತತ್ತ್ವಗಳೂ ಸಿದ್ಧವಾಗಿದ್ದವು. ತಕ್ಕ ದೀಪ ಮಾತ್ರ ಇರಲಿಲ್ಲ.

ಆ ದೀಪ 1960ರಲ್ಲಿ ಮೈಮನ್ನನ ಮಾಣಿಕ್ಯ ಲೇಸರಿನ ರೂಪದಲ್ಲಿ ಬಂದಿತು. ನಮ್ಮ ಪ್ರಶ್ನೆಗೆ ಅದಕ್ಕಿಂತಲೂ ಮುಖ್ಯವಾದುದು, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಓದಿ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದ ಕುಮಾರ್ ಪಟೇಲರು 1964ರಲ್ಲಿ ನಿರ್ಮಿಸಿದ ಇಂಗಾಲದ ಡೈಆಕ್ಸೈಡ್ ಲೇಸರು. ಅದರ ಬೆಳಕು 9ರಿಂದ 11 ಮೈಕ್ರಾನುಗಳ ನಡುವೆ ಹಲವಾರು ಪ್ರತ್ಯೇಕ ರೇಖೆಗಳಲ್ಲಿ ಹೊಮ್ಮುತ್ತದೆ. ನರವಿಷಗಳ ಅಣುವಿನಲ್ಲಿ ರಂಜಕವೂ ಆಮ್ಲಜನಕವೂ ಇಂಗಾಲವೂ ಕೂಡಿದ ಬಂಧ ಕಂಪಿಸುವುದೂ ಅದೇ ಪ್ರದೇಶದಲ್ಲಿ. 1971ರಲ್ಲಿ ಅದೇ ಪ್ರಯೋಗಶಾಲೆಯ ಲಾಯ್ಡ್ ಕ್ರೂಜರ್ ದ್ಯುತಿಧ್ವನಿ ಕೋಶಕ್ಕೆ ಲೇಸರನ್ನು ಜೋಡಿಸಿ ಮೀಥೇನನ್ನು ಶತಕೋಟಿಗೆ 10 ಭಾಗದ ಮಟ್ಟದಲ್ಲಿ ಅಳೆದನು. ಮರುವರ್ಷ ಅವನೂ ಪಟೇಲರೂ ಕೂಡಿ ಹತ್ತು ಮಾಲಿನ್ಯಾನಿಲಗಳನ್ನು ಈ ಕ್ರಮದಿಂದ ಪತ್ತೆಮಾಡಬಹುದೆಂದು ತೋರಿಸಿದರು. ಆಧುನಿಕ ಚರ್ಚೆ ಅಲ್ಲಿಂದ ಮೊದಲಾಗುತ್ತದೆ. ಅಲ್ಲಿಂದಲೇ ಅದು ಕವಲೊಡೆಯುತ್ತದೆ.

ದಾರಿಯನ್ನು ಉದ್ದಗೊಳಿಸುವ ಪಂಥ

ಬೆಳಕು ಅನಿಲದ ಮೂಲಕ ಹಾದುಹೋಗುವ ದಾರಿ ಉದ್ದವಾದಷ್ಟೂ ಹೀರಿಕೆ ಹೆಚ್ಚೆಂಬುದು 1729ರಲ್ಲಿ ಬೂಗೇರ್ ಕಂಡ, ಲ್ಯಾಂಬರ್ಟನೂ ಬೇರನೂ ಪೂರ್ಣಗೊಳಿಸಿದ ನಿಯಮ. ಬಲವಾಗಿ ಹೀರುವ ಅಣುವೇ ಆದರೂ, ಶತಕೋಟಿಗೆ ಒಂದು ಭಾಗವಿದ್ದಾಗ, ಒಂದು ಮೀಟರು ದಾರಿಯಲ್ಲಿ ಬೆಳಕು ಕುಂದುವುದು ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ಲೇಸರಿನ ಪ್ರಕಾಶವೇ ಅದಕ್ಕಿಂತ ಹೆಚ್ಚು ಏರಿಳಿಯುತ್ತಿರುವಾಗ ಇಷ್ಟು ಅಲ್ಪವಾದ ಕುಂದನ್ನು ಗುರುತಿಸುವ ಬಗೆ ಹೇಗೆ? 1942ರಲ್ಲಿ ವೈಟ್, 1964ರಲ್ಲಿ ಹೆರಿಯಟ್ ರೂಪಿಸಿದ ಕೋಶಗಳಲ್ಲಿ ಕಿರಣವು ಕನ್ನಡಿಗಳ ನಡುವೆ ಅನೇಕಾವರ್ತಿ ಓಡಾಡಿ ನೂರಾರು ಮೀಟರು ದಾರಿಯನ್ನು ಒಂದು ಪೆಟ್ಟಿಗೆಯೊಳಗೆ ಮಡಿಸಿಡುತ್ತದೆ. 1988ರಲ್ಲಿ ಓಕೀಫ್ ಮತ್ತು ಡೀಕನ್ ಇದನ್ನು ಪರಾಕಾಷ್ಠೆಗೆ ಒಯ್ದರು. ನೂರಕ್ಕೆ 99.99 ಭಾಗ ಬೆಳಕನ್ನು ಹಿಂದಿರುಗಿಸುವ ಎರಡು ಕನ್ನಡಿಗಳನ್ನು ಅರ್ಧ ಮೀಟರು ಅಂತರದಲ್ಲಿ ಎದುರುಬದುರಾಗಿಟ್ಟು, ಬೆಳಕಿನ ಒಂದು ಸ್ಪಂದವನ್ನು ಒಳಗೆ ಸೆರೆಹಿಡಿದರೆ, ಅದು ಕ್ಷೀಣಿಸುವಷ್ಟರಲ್ಲಿ ಸುಮಾರು 5 ಕಿಲೋಮೀಟರು ಸಂಚರಿಸಿರುತ್ತದೆ. ಆಗ ಮೇಲಿನ ಹೀರಿಕೆಯೇ ನೂರರಲ್ಲಿ ಒಂದು ಪಾಲಿಗೆ ಏರುತ್ತದೆ. ಈ ವಿಧಾನದಲ್ಲಿ ಅಳೆಯುವುದು ಪ್ರಕಾಶವನ್ನಲ್ಲ, ಅದು ಕ್ಷಯಿಸಲು ಹಿಡಿದ ಕಾಲವನ್ನು. ಆದಕಾರಣ ಲೇಸರಿನ ಚಾಂಚಲ್ಯ ಫಲಿತಾಂಶವನ್ನು ಮುಟ್ಟುವುದೇ ಇಲ್ಲ. ಕಲ್ಕತ್ತೆಯ ಸತ್ಯೇಂದ್ರನಾಥ ಬೋಸ್ ಕೇಂದ್ರದಲ್ಲಿ ಉಸಿರಿನಲ್ಲಿರುವ ಸೂಕ್ಷ್ಮಾನಿಲಗಳ ಅಧ್ಯಯನಕ್ಕೆ ಈ ಕ್ರಮವೇ ಬಳಕೆಯಲ್ಲಿದೆ.

ಇದರ ದೌರ್ಬಲ್ಯವೂ ಆ ಕನ್ನಡಿಗಳಲ್ಲಿಯೇ ಇದೆ. ಧೂಳಿನ ಒಂದು ಕಣ, ಎಣ್ಣೆಯ ಒಂದು ಪೊರೆ ಸಾಕು. ಐದು ಕಿಲೋಮೀಟರಿನ ದಾರಿ ಕೆಲವು ನೂರು ಮೀಟರಿಗೆ ಇಳಿದುಬಿಡುತ್ತದೆ. ಗಾಳಿಯನ್ನು ಶೋಧಿಸಿ ಒಳಬಿಡೋಣವೆಂದರೆ ಅಂಟುಗುಣವುಳ್ಳ ವಿಷಗಳು, ಅಮೋನಿಯವೂ ಹೈಡ್ರೋಜನ್ ಫ್ಲೋರೈಡೂ ರಂಜಕದ ವಿಷಗಳೂ, ಶೋಧಕದ ಮೇಲೂ ಕೊಳವೆಯ ಗೋಡೆಯ ಮೇಲೂ ಅಂಟಿ ನಿಂತು ಯಂತ್ರವನ್ನು ತಡವಾಗಿ ತಲುಪುತ್ತವೆ.

ಶಬ್ದವನ್ನು ಆಲಿಸುವ ಪಂಥ

ಎರಡನೆಯ ಪಂಥದವರ ವಾದಕ್ಕೆ ಒಂದು ಸೊಗಸಿದೆ. ಅಪಾರವಾದ ಬೆಳಕಿನಲ್ಲಿ ಅತ್ಯಲ್ಪವಾದ ಕುಂದನ್ನು ಏಕೆ ಹುಡುಕಬೇಕು? ಹೀರಿಕೆ ನಡೆದರೆ ಸದ್ದು, ನಡೆಯದಿದ್ದರೆ ಮೌನ. ಮೌನದ ಹಿನ್ನೆಲೆಯಲ್ಲಿ ಸದ್ದನ್ನು ಕೇಳುವುದು ಸುಲಭವಲ್ಲವೆ? ಅಲ್ಲದೆ ಇಲ್ಲಿ ಸಂಕೇತವು ಲೇಸರಿನ ಶಕ್ತಿಯೊಡನೆ ಏರುತ್ತಾ ಹೋಗುವುದರಿಂದ, ಬಲವಾದ ಲೇಸರು ದೊರೆತಷ್ಟೂ ಕಿವಿ ಚುರುಕಾಗುತ್ತದೆ. 1970ರ ದಶಕದ ಪೂರ್ವಾರ್ಧದಲ್ಲಿಯೇ ಪಟೇಲರ ಗುಂಪು ಇಂಥ ಯಂತ್ರವನ್ನು ಬಲೂನಿನಲ್ಲಿ ಸುಮಾರು 28 ಕಿಲೋಮೀಟರು ಎತ್ತರಕ್ಕೆ ಕಳುಹಿಸಿ ಅಲ್ಲಿಯ ನೈಟ್ರಿಕ್ ಆಕ್ಸೈಡನ್ನು ಅಳೆದಿದ್ದಿತು. ನೆದರ್ಲೆಂಡಿನ ನೈಮೇಖನ್ನಿನಲ್ಲಿ, ಆರ್ಕಿಡ್ಡಿನ ಒಂದೇ ಹೂವು ಬಾಡುವಾಗ ಹೊರಬಿಡುವ ಎಥಿಲೀನನ್ನು ಇದೇ ವಿಧಾನ ಗುರುತಿಸಿತು.

ಎರಡು ಆವಿಷ್ಕಾರಗಳು ಈ ಪಂಥಕ್ಕೆ ಹೊಸ ಆಯುಷ್ಯವನ್ನು ಕೊಟ್ಟವು. 1971ರಲ್ಲಿ ಕಜಾರಿನೋವ್ ಮತ್ತು ಸುರಿಸ್ ಊಹಿಸಿ, 1994ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಫೈಸ್ಟ್, ಕಪಾಸೋ ಮತ್ತು ಸಂಗಡಿಗರು ಸಾಧಿಸಿದ ಕ್ವಾಂಟಂ ಕ್ಯಾಸ್ಕೇಡ್ ಲೇಸರು ಮೊದಲನೆಯದು. ಅದರ ತರಂಗದೂರವನ್ನು ವಸ್ತುವಿನ ಜಾತಿಗಿಂತ ಹೆಚ್ಚಾಗಿ ಅದರ ಪದರಗಳ ದಪ್ಪವೇ ನಿರ್ಧರಿಸುವುದರಿಂದ, ಬೇಕಾದ ಅಣುವಿಗೆ ತಕ್ಕ ಬೆಳಕನ್ನು ವಿನ್ಯಾಸಮಾಡಿ ಪಡೆಯಬಹುದಾಯಿತು. ಒಂದು ಕೋಣೆಯ ತುಂಬ ಹರಡಿಕೊಳ್ಳುತ್ತಿದ್ದ ಯಂತ್ರ ಮೇಜಿನ ಮೂಲೆಗೆ ಇಳಿಯಿತು. ಎರಡನೆಯದು 2002ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಕೊಸ್ಟೆರೆವ್, ಟಿಟ್ಟೆಲ್, ಕರ್ಲ್ ಮೊದಲಾದವರು ಮಾಡಿದ ಯುಕ್ತಿ. ಧ್ವನಿಗ್ರಾಹಕಕ್ಕೆ ಬದಲು ಅವರು ಬಳಸಿದುದು ಕೈಗಡಿಯಾರದೊಳಗೆ ಸೆಕೆಂಡಿಗೆ 32,768 ಸಲ ಮಿಡಿಯುವ ಸ್ಫಟಿಕದ ಪುಟ್ಟ ಶ್ರುತಿಕವೆಯನ್ನು. ಕವೆಯ ಎರಡು ಕವಲುಗಳ ನಡುವೆ ಹಾಯುವ ಲೇಸರ್ ಕಿರಣ ಹುಟ್ಟಿಸುವ ಸದ್ದು ಕವಲುಗಳನ್ನು ಪರಸ್ಪರ ದೂರಕ್ಕೆ ತಳ್ಳುತ್ತದೆ, ಆಗ ವಿದ್ಯುತ್ ಸಂಕೇತ ಹುಟ್ಟುತ್ತದೆ. ದೂರದಿಂದ ಬರುವ ಗದ್ದಲವಾದರೋ ಎರಡನ್ನೂ ಒಂದೇ ದಿಕ್ಕಿಗೆ ತಳ್ಳುವುದರಿಂದ ಸಂಕೇತ ಹುಟ್ಟುವುದೇ ಇಲ್ಲ. ಕಾರ್ಖಾನೆಯ ಗದ್ದಲದಲ್ಲಿ ಆಲಿಸುವುದು ಹೇಗೆಂಬ ಹಳೆಯ ಆಕ್ಷೇಪಣೆಗೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ಬಂದಿಲ್ಲ.

ಆದರೆ ಒಂದು ತೊಡಕು ಉಳಿದಿದೆ. ಹೀರಿದ ಶಕ್ತಿ ಶಾಖವಾಗಿ ಮಾರ್ಪಡುವ ವೇಗ ಸುತ್ತಲಿನ ಅಣುಗಳನ್ನು ಅವಲಂಬಿಸಿದೆ. ಜಲಬಾಷ್ಪವಿದ್ದರೆ ಅದು ತ್ವರಿತ, ಇಲ್ಲದಿದ್ದರೆ ನಿಧಾನ. ಅದೇ ವಿಷ, ಅದೇ ಪ್ರಮಾಣ, ಮಾರ್ಚಿನ ಒಣಗಾಳಿಯಲ್ಲಿ ಒಂದು ಸದ್ದು, ಆಷಾಢದ ಮಳೆಗಾಳಿಯಲ್ಲಿ ಇನ್ನೊಂದು ಸದ್ದು ಮಾಡಬಹುದು. ತೇವವನ್ನು ಜೊತೆಜೊತೆಗೇ ಅಳೆಯದ ದ್ಯುತಿಧ್ವನಿ ಯಂತ್ರವನ್ನು ನಮ್ಮ ಹವೆಯಲ್ಲಿ ನಂಬಲಾಗದು.

ದೂರದಿಂದ ನೋಡುವ ಪಂಥ

ವಿಷವಿರುವಲ್ಲಿಗೆ ಯಂತ್ರವನ್ನೇ ಒಯ್ಯಬೇಕೆಂಬುದನ್ನು ಮೂರನೆಯ ಪಂಥ ಒಪ್ಪುವುದಿಲ್ಲ. 1963ರಲ್ಲಿ ಫಿಯೊಕೊ ಮತ್ತು ಸ್ಮಲ್ಲಿನ್ ಲೇಸರ್ ಸ್ಪಂದಗಳನ್ನು ಆಕಾಶಕ್ಕೆ ಕಳುಹಿಸಿ ಮೇಲಿನ ಧೂಳಿನಿಂದ ಚದರಿ ಬಂದ ಬೆಳಕನ್ನು ಹಿಡಿದರು. ಅದೇ ದಶಕದಲ್ಲಿ ಷಾಟ್ಲೆಂಡ್ ಎಂಬ ವಿಜ್ಞಾನಿ ಎರಡು ತರಂಗದೂರಗಳ ಉಪಾಯವನ್ನು ಹೂಡಿದನು. ಅಣು ಹೀರುವ ಒಂದು, ಹೀರದ ಇನ್ನೊಂದು. ಹಿಂದಿರುಗಿದ ಎರಡರ ಅಂತರವನ್ನೂ ಕಾಲವನ್ನೂ ಲೆಕ್ಕಹಾಕಿದರೆ, ಎಷ್ಟು ದೂರದಲ್ಲಿ ಎಷ್ಟು ಅನಿಲವಿದೆಯೆಂಬ ಚಿತ್ರವೇ ದೊರೆಯುತ್ತದೆ. ಗಂಧಕದ ಡೈಆಕ್ಸೈಡ್, ಓಜೋನ್, ಬೆನ್ಜೀನ್‌ಗಳಿಗೆ ನೇರಳಾತೀತ ಬೆಳಕಿನಲ್ಲಿ ಇದು ಚೆನ್ನಾಗಿ ಸಲ್ಲುತ್ತದೆ. ನರವಿಷಗಳಿಗೆ ಬೇಕಾದ 10 ಮೈಕ್ರಾನಿನ ಪ್ರದೇಶದಲ್ಲಿಯಾದರೋ ಗಾಳಿಯ ಧೂಳು ಬೆಳಕನ್ನು ಬಹಳ ದುರ್ಬಲವಾಗಿ ಹಿಂದಿರುಗಿಸುವುದರಿಂದ ಬಲಿಷ್ಠ ಲೇಸರೂ ದೊಡ್ಡ ದೂರದರ್ಶಕವೂ ಅವಶ್ಯ. ಮೋಡದಂತೆ ತೇಲಿ ಬರುವ ವಿಷವನ್ನು ಮೊದಲೇ ಕಾಣುವುದಕ್ಕೆ ಇದು ಸಮರ್ಥ. ಲೇಶವನ್ನು ಕಾಣುವುದಕ್ಕೆ ಅಸಮರ್ಥ. ರಾಮನ್ ಪರಿಣಾಮವನ್ನು ಆಧರಿಸಿದವರು ಇದೇ ಬಣದ ಒಂದು ಶಾಖೆ. ಅವರ ಸಂಕೇತ ಅತ್ಯಂತ ಕ್ಷೀಣವಾದರೂ ಅವರ ಕೈಯಲ್ಲಿ ಇತರರಿಗಿಲ್ಲದ ಒಂದು ಸಾಮರ್ಥ್ಯವಿದೆ. ಅದನ್ನು ಮುಂದೆ ನೋಡೋಣ.

ವಿವಾದದ ಮರ್ಮ

1915ರ ಏಪ್ರಿಲಿನಲ್ಲಿ ಈಪ್ರ್ ರಣಭೂಮಿಯಲ್ಲಿ ಹರಿದ ಕ್ಲೋರಿನ್, ಆಧುನಿಕ ಯುದ್ಧದ ಮೊದಲ ಮಹಾವಿಷ. ಸಮಾನವಾದ ಎರಡು ಪರಮಾಣುಗಳಿಂದಾದ ಅದರ ಅಣು ಅವಕೆಂಪು ಬೆಳಕನ್ನು ಹೀರುವುದಿಲ್ಲ. ಮೇಲೆ ಹೊಗಳಿದ ಕನ್ನಡಿ, ಶ್ರುತಿಕವೆಗಳೆಲ್ಲವೂ ಅವಕೆಂಪಿನಲ್ಲಿ ಅದರ ಮುಂದೆ ಕುರುಡು. ರಾಮನ್ ಚದರಿಕೆಗಾದರೋ ಅದು ಗೋಚರ. ನೇರಳಾತೀತದ ಹೀರಿಕೆಯಲ್ಲಿಯೂ ಕಾಣಿಸೀತು. ಒಂದೇ ಬೆಳಕು ಎಲ್ಲ ವಿಷಗಳಿಗೂ ಸಾಕ್ಷಿಯಾಗಲಾರದೆಂಬುದನ್ನು ಇದು ಮೊದಲೇ ಹೇಳುತ್ತದೆ.

ಸಣ್ಣ ಅಣುಗಳ ವಿಷಯದಲ್ಲಿ ವಿವಾದ ಬಹುಮಟ್ಟಿಗೆ ಮುಗಿದಿದೆ. ಹೈಡ್ರೋಜನ್ ಫ್ಲೋರೈಡ್, ಹೈಡ್ರೋಜನ್ ಸಯನೈಡ್, ಅಮೋನಿಯ, ಇಂಗಾಲದ ಮಾನಾಕ್ಸೈಡುಗಳ ರೋಹಿತ ಚೂಪಾದ, ಬಿಡಿಬಿಡಿಯಾದ ರೇಖೆಗಳಿಂದಾದುದು. ಗಾಳಿಯ ಒತ್ತಡವನ್ನು ತಗ್ಗಿಸಿದರೆ ರೇಖೆಗಳು ಇನ್ನೂ ಕೃಶವಾಗಿ ನೆರೆಯ ರೇಖೆಗಳಿಂದ ಬೇರ್ಪಡುತ್ತವೆ. 1973ರಲ್ಲಿ ಮೊದಲು ಪ್ರಕಟವಾಗಿ ಇಂದಿಗೂ ಬೆಳೆಯುತ್ತಿರುವ ಹೈಟ್ರಾನ್ ಎಂಬ ರೇಖಾಕೋಶ ಅವುಗಳ ಸ್ಥಾನಮಾನಗಳನ್ನು ನಿಷ್ಕರ್ಷಿಸಿಟ್ಟಿದೆ. ದೂರಸಂಪರ್ಕದ ಗಾಜಿನೆಳೆಗಾಗಿ ತಯಾರಾದ ಅಗ್ಗದ ಡಯೋಡ್ ಲೇಸರುಗಳೇ ಇವುಗಳಲ್ಲಿ ಅನೇಕಕ್ಕೆ ಸಾಕು. ಅಲ್ಯುಮಿನಿಯಂ ಕುಲುಮೆಗಳಲ್ಲಿ ಹೈಡ್ರೋಜನ್ ಫ್ಲೋರೈಡನ್ನು ಹೀಗೆ ಅಳೆಯುವುದು ನಿತ್ಯದ ಕೆಲಸವಾಗಿದೆ.

ದೊಡ್ಡ ಅಣುಗಳದು ಬೇರೆಯೇ ಕಥೆ. ಸಾರಿನ್ ಮೊದಲಾದವುಗಳಲ್ಲಿ ರೇಖೆಗಳು ಒಂದರ ಮೇಲೊಂದು ಒತ್ತಿ ನಿಂತು ಅಗಲವಾದ ಒಂದು ದಿಬ್ಬವಾಗಿಬಿಡುತ್ತವೆ. ಒತ್ತಡ ತಗ್ಗಿಸಿದರೂ ಅದು ಒಡೆಯುವುದಿಲ್ಲ. ಆ ದಿಬ್ಬವಿರುವಲ್ಲಿಯೇ ಮದ್ಯಸಾರದ ಆವಿ ಹೀರುತ್ತದೆ, ಅಮೋನಿಯ ಹೀರುತ್ತದೆ, ಹೊಲಕ್ಕೆ ಸಿಂಪಡಿಸುವ ರಂಜಕಯುಕ್ತ ಕೀಟನಾಶಕಗಳೂ ಹೀರುತ್ತವೆ. ಭೋಪಾಲದ ಬಾಷ್ಪವೇ 4.4 ಮೈಕ್ರಾನಿನ ಸುತ್ತ ಬಲವಾಗಿ ಹೀರುವುದಾದರೂ, ತೀರ ಸಮೀಪದ 4.3 ಮೈಕ್ರಾನಿನಲ್ಲಿ ಗಾಳಿಯಲ್ಲಿ ಸದಾ ಇರುವ ಇಂಗಾಲದ ಡೈಆಕ್ಸೈಡಿನ ಮಹಾಪಟ್ಟಿಯಿದೆ. ಮಂಗಳೂರಿನಂಥ ಕರಾವಳಿಯ ಊರಿನ ಬೇಸಗೆಯ ಗಾಳಿಯಲ್ಲಿ ನೂರಕ್ಕೆ ಮೂರು ಭಾಗ ಜಲಬಾಷ್ಪವಿರಬಹುದು. ಎಂದರೆ ಶತಕೋಟಿಗೆ ಒಂದು ಭಾಗವಿರುವ ವಿಷದ ಪ್ರತಿಯೊಂದು ಅಣುವಿಗೂ ನೀರಿನ ಮೂರು ಕೋಟಿ ಅಣುಗಳು. ಸಂತೆಯ ಗದ್ದಲದಲ್ಲಿ ಒಬ್ಬನ ಪಿಸುಮಾತನ್ನು ಕೇಳಿಸಿಕೊಳ್ಳುವುದು ಒಂದು ಕಷ್ಟವಾದರೆ, ಅದು ಇಂಥವನದೇ ಎಂದು ಪ್ರಮಾಣಮಾಡಿ ಹೇಳುವುದು ಅದಕ್ಕಿಂತ ದೊಡ್ಡ ಕಷ್ಟ.

ಇದಕ್ಕೆ ಮೂರು ಬಗೆಯ ಪರಿಹಾರಗಳು ಸೂಚಿತವಾಗಿವೆ. ತರಂಗದೂರವನ್ನು ಅಗಲವಾದ ಹರವಿನಲ್ಲಿ ಬದಲಿಸುತ್ತಾ ದಿಬ್ಬದ ಪೂರ್ಣಾಕಾರವನ್ನು ಗ್ರಹಿಸಿ, ತಿಳಿದ ಆಕಾರಗಳ ಭಂಡಾರದೊಡನೆ ಗಣಿತದಿಂದ ಹೋಲಿಸಬೇಕೆಂಬುದು ಪಟೇಲರ ಮಾರ್ಗ. 2006ರಲ್ಲಿ ಅವರ ಗುಂಪು ಇದರಿಂದ ರಾಸಾಯನಿಕ ಅಸ್ತ್ರಗಳ ಬಾಷ್ಪವನ್ನು ಶತಕೋಟಿ ಭಾಗಗಳ ಮಟ್ಟದಲ್ಲಿ ಗುರುತಿಸುವ ಸಾಧ್ಯತೆಯನ್ನು ಪ್ರಕಟಿಸಿತು. ಆವೃತ್ತಿಗಳ ಬಾಚಣಿಗೆಯೆಂದು ಕರೆಯುವ ಬೆಳಕಿನಿಂದ, ಹಾಲ್ ಮತ್ತು ಹ್ಯಾನ್ಷ್ ಅವರಿಗೆ 2005ರ ನೊಬೆಲ್ ಪುರಸ್ಕಾರದಲ್ಲಿ ಪಾಲು ತಂದುಕೊಟ್ಟ ಆ ಬೆಳಕಿನಿಂದ, ಸಾವಿರಾರು ತರಂಗದೂರಗಳನ್ನು ಏಕಕಾಲದಲ್ಲಿ ಅಳೆಯಬೇಕೆಂಬುದು ಇನ್ನೊಂದು. 2006ರಲ್ಲಿ ಜುನ್ ಯೆ ಅವರ ಗುಂಪು ಅದನ್ನು ಕನ್ನಡಿಗಳ ಕೋಶದೊಡನೆ ಜೋಡಿಸಿ ತೋರಿಸಿತು. ಅಳೆಯುವ ಮುನ್ನ ಗಾಳಿಯ ಘಟಕಗಳನ್ನು ಬೇರ್ಪಡಿಸುವ ಕೊಳವೆಯೊಂದನ್ನು ಹಾಯಿಸುವುದೇ ಕ್ಷೇಮವೆಂಬುದು ರಸಾಯನಶಾಸ್ತ್ರಜ್ಞರ ಪಕ್ಷ. ಅವರು ಹೇಳುವುದು ನಿಜವಾದರೂ ಅದಕ್ಕೆ ಹಿಡಿಯುವ ನಿಮಿಷಗಳು ನರವಿಷದ ಮುಂದೆ ದೀರ್ಘಕಾಲವೇ ಸರಿ.

ಸುಳ್ಳು ಎಚ್ಚರಿಕೆಯ ಲೆಕ್ಕವನ್ನು ಇಲ್ಲಿ ಮಾಡಲೇಬೇಕು. ಸೆಕೆಂಡಿಗೊಮ್ಮೆ ಅಳೆಯುವ ಯಂತ್ರವು ಹತ್ತು ಸಾವಿರ ಅಳತೆಗಳಲ್ಲಿ ಒಮ್ಮೆ ಮಾತ್ರ ತಪ್ಪುವುದೆಂದರೆ ಪ್ರಶಂಸನೀಯವಾಗಿ ಕಾಣುತ್ತದೆ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಅದು ಪ್ರತಿದಿನವೂ ಎಂಟು ಒಂಬತ್ತು ಸಲ ಸುಳ್ಳಾಗಿ ಗಂಟೆ ಬಾರಿಸುತ್ತದೆ. ಒಂದು ವಾರದಲ್ಲಿ ಕಾವಲುಗಾರರು ಅದರ ಕೊರಳನ್ನು ಅಡಗಿಸಿಬಿಡುತ್ತಾರೆ, ಮುಂದೊಂದು ದಿನ ನಿಜವಾದ ವಿಷ ಬಂದಾಗ ಕೇಳುವವರಿರುವುದಿಲ್ಲ. ಸೈನ್ಯಗಳು ಹೆಚ್ಚಾಗಿ ಬಳಸುವ, ಲೇಸರ್ ಇಲ್ಲದ ಅಯಾನು ಚಲನಮಾಪಕಗಳ ಮೇಲಿರುವ ಮುಖ್ಯ ದೂರು ಇದೇ. ಆದ್ದರಿಂದ ಶತಕೋಟಿಯಿಂದ ಲಕ್ಷಕೋಟಿಗೆ ಮಿತಿಯನ್ನು ಇಳಿಸಿದೆವೆಂಬ ಘೋಷಣೆಗಿಂತ, ಇಂಥಿಂಥ ಕಲ್ಮಷಗಳ ನಡುವೆ ಇಷ್ಟು ತಿಂಗಳು ಎಷ್ಟು ಸಲ ತಪ್ಪಿತೆಂಬ ದಾಖಲೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಅಂಥ ದಾಖಲೆಗಳು ವಿರಳ.

ಎಲ್ಲೆಡೆಯೂ ಲೇಸರೇ ಬೇಕೆಂದು ಭಾವಿಸುವುದೂ ತಪ್ಪು. ನಮ್ಮ ಊರುಗಳ ಮಲಗುಂಡಿಗಳಲ್ಲಿ ಇಳಿದವರನ್ನು ಕೊಲ್ಲುವ ಹೈಡ್ರೋಜನ್ ಸಲ್ಫೈಡನ್ನು, ಪ್ರಮಾಣ ಹೆಚ್ಚಿದಾಗ ವಾಸನೆಯ ಶಕ್ತಿಯನ್ನೇ ಮರಗಟ್ಟಿಸುವ ಆ ಅನಿಲವನ್ನು, ಅಂಗೈಯಗಲದ ಅಗ್ಗದ ವಿದ್ಯುದ್ರಾಸಾಯನಿಕ ಕೋಶವೇ ಗುರುತಿಸುತ್ತದೆ. ಅಲ್ಲಿ ಕೊರತೆಯಾಗಿರುವುದು ವಿಜ್ಞಾನವಲ್ಲ. ಮನುಷ್ಯನನ್ನು ಆ ಗುಂಡಿಗೆ ಇಳಿಸಲೇಕೂಡದೆಂಬ ಕಾನೂನನ್ನು ಪಾಲಿಸುವ ಮನಸ್ಸು.

ತೀರ್ಮಾನವಾಗದೆ ಉಳಿದವು

ಉಳಿದ ಸಂದೇಹಗಳಲ್ಲಿ ಮೊದಲನೆಯದು ಪರೀಕ್ಷೆಯನ್ನು ಕುರಿತದ್ದು. 1997ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಒಡಂಬಡಿಕೆಯ ಪ್ರಕಾರ ನೈಜ ನರವಿಷವನ್ನು ಯಾರು ಬೇಕಾದರೂ ಇಟ್ಟುಕೊಳ್ಳುವಂತಿಲ್ಲ, ಅದು ನ್ಯಾಯವೇ. ಆದಕಾರಣ ಬಹುಪಾಲು ಪ್ರಯೋಗಗಳು ರಚನೆಯಲ್ಲಿ ಅದನ್ನು ಹೋಲುವ ಅಲ್ಪವಿಷದ ಪ್ರತಿನಿಧಿದ್ರವ್ಯಗಳ ಮೇಲೆ ನಡೆಯುತ್ತವೆ. ಅವುಗಳ ಹೀರಿಕೆ ಹತ್ತಿರವಿರಬಹುದು. ಗೋಡೆಗೆ ಅಂಟುವ ಗುಣ, ತೇವದಲ್ಲಿ ಒಡೆಯುವ ವೇಗ ಹತ್ತಿರವಿರಬೇಕೆಂದಿಲ್ಲ. ಪ್ರತಿನಿಧಿಯ ಮೇಲೆ ಗೆದ್ದ ಯಂತ್ರ ನಿಜವಾದುದರ ಮುಂದೆ ಗೆಲ್ಲುವುದೆ ಎಂಬುದಕ್ಕೆ ಸಾರ್ವಜನಿಕವಾದ ಪುರಾವೆ ಅತ್ಯಲ್ಪ.

ಎರಡನೆಯದು, ಭಂಡಾರದಲ್ಲಿಲ್ಲದ ವಿಷದ ಪ್ರಶ್ನೆ. ತಿಳಿದ ಆಕಾರಗಳೊಡನೆ ಹೋಲಿಸುವ ಯಾವ ಕ್ರಮವೂ ಹೊಸ ಅಣುವನ್ನು ಹೆಸರಿಸಲಾರದು. ಅಪರಿಚಿತವೊಂದು ಇದೆಯೆಂದಾದರೂ ಅದು ಪ್ರಾಮಾಣಿಕವಾಗಿ ಹೇಳಬಲ್ಲುದೆ, ಅಥವಾ ಅತಿ ಸಮೀಪದ ಹೆಸರನ್ನು ಅದಕ್ಕೆ ಅಂಟಿಸಿಬಿಡುವುದೆ ಎಂಬುದರಲ್ಲಿ ಗಣಿತಜ್ಞರಿಗೇ ಭಿನ್ನಾಭಿಪ್ರಾಯವಿದೆ. ಮೂರನೆಯದು, ಅತಿಸೂಕ್ಷ್ಮವಾದ ಒಂದು ದುಬಾರಿ ಯಂತ್ರ ಮೇಲೋ ಸಾಧಾರಣ ಸೂಕ್ಷ್ಮತೆಯ ನೂರು ಯಂತ್ರಗಳ ಜಾಲ ಮೇಲೋ ಎಂಬುದು. ಗಾಳಿಯ ದಿಕ್ಕು ಬದಲಾಗುವ ಬಯಲಿನಲ್ಲಿ ಜಾಲದ ಪಕ್ಷವೇ ನನಗೆ ಸರಿಯೆಂದು ತೋರುವುದಾದರೂ, ಸುರಂಗದಂಥ ಆವೃತಸ್ಥಳಗಳಲ್ಲಿ ವಿರುದ್ಧಪಕ್ಷದ ವಾದಕ್ಕೆ ಬಲವಿದೆ.

ಕಡೆಯದು ರೋಹಿತದರ್ಶನದ ಎಲ್ಲೆಯ ಆಚೆಗಿನದು. ಬೆನ್ಜೀನಿನಂಥ ದ್ರವ್ಯಗಳಿಗೆ ಇಷ್ಟರವರೆಗೆ ನಿರಪಾಯವೆಂಬ ಮಿತಿಯನ್ನೇ ವೈದ್ಯಶಾಸ್ತ್ರ ಇದುವರೆಗೆ ಗೊತ್ತುಪಡಿಸಿಲ್ಲ. ಶತಕೋಟಿಗೆ ಒಂದು ಭಾಗದಷ್ಟು ವಿಷವನ್ನು ವರ್ಷಾನುಗಟ್ಟಲೆ ಉಸಿರಾಡಿದ ಕಾರ್ಖಾನೆಯ ನೆರೆಯವರಿಗೆ ಏನಾಗುವುದೆಂದು ತಿಳಿಯಬೇಕಾದರೆ, ಅವರು ಉಸಿರಾಡಿದುದೆಷ್ಟೆಂಬ ನಿರಂತರವಾದ ಅಳತೆ ಮೊದಲು ಬೇಕು. ಅದನ್ನು ಕೊಡಬಲ್ಲ ಯಂತ್ರಗಳು ಈಗ ಸಿದ್ಧವಾಗಿವೆ. ಆ ಅಳತೆಯನ್ನು ಕಾರ್ಖಾನೆಯ ಒಡೆಯರು ಇಟ್ಟುಕೊಳ್ಳಬೇಕೊ, ಸರಕಾರ ಇಟ್ಟುಕೊಳ್ಳಬೇಕೊ, ಪ್ರಾಕಾರದ ಆಚೆ ಮನೆಮಾಡಿಕೊಂಡಿರುವವರಿಗೆ ಅದು ದಿನದಿನವೂ ತಿಳಿಯತಕ್ಕದ್ದೊ ಎಂಬುದು ಯಾವ ಪ್ರಯೋಗಶಾಲೆಯಲ್ಲಿಯೂ ಇನ್ನೂ ಚರ್ಚೆಗೆ ಬಂದಂತೆ ಕಾಣುವುದಿಲ್ಲ.